ಬೋಳುಗೈ ಸಿಸ್ಟರು

ಫೋನು ಬಂದಾಗ ನಾನು ಒಬ್ಬ ಅಜ್ಜಿಯ ಜೊತೆ ಜಗಳವಾಡುತ್ತಿದ್ದೆ. ಗುಂಡ್ಲುಪೇಟೆಯ ನಮ್ಮ ಆಸ್ಪತ್ರೆಯಲ್ಲಿ ಬೆಳಗಿನ ಡ್ರೆಸ್ಸಿಂಗ್ ಹೊತ್ತು ಅಂದರೆ ದಿನವೂ ಅದೇ ಕಥೆ. ಅಪೆಂಡಿಕ್ಸ್ ಆಪರೇಷನ್ ಆದ ಮೊಮ್ಮಗಳನ್ನು ನೋಡಲು ಬಂದ ಅಜ್ಜಿ, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹುಡುಗಿಯ ಹೊಟ್ಟೆಯ ಮೇಲಿನ ಬ್ಯಾಂಡೇಜನ್ನು ಉಗುರಿನಿಂದ ಎತ್ತಿ ಒಳಗೆ ಇಣುಕುತ್ತಿದ್ದಳು.

"ಏನಜ್ಜಿ ಅದು?"

"ನೋಡ್ತಾವ್ನಿ ಕಣವ್ವ. ಮೊಮ್ಮಗ್ಳಲ್ವಾ, ಕರ್ಳು ಕೇಳದಿಲ್ಲ."

"ನೋಡೋದು ಕಣ್ಣಲ್ಲಿ ನೋಡಜ್ಜಿ. ಕೈಯಲ್ಲಿ ಯಾಕೆ ನೋಡ್ತೀಯ?"

ಈ ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ. ಮಾತು ನನ್ನದೂ ಅಲ್ಲ. ಚಾಮರಾಜನಗರದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್ ಆಗಿದ್ದ ಸಿಸ್ಟರ್ ಹೇಳುತ್ತಿದ್ದ ಮಾತು. ಅವರು ಹೇಳಿದರೆ ಜನ ಕೈ ತೆಗೆಯುತ್ತಿದ್ದರು. ನಾನು ಹೇಳಿದರೆ ಅಜ್ಜಿ ನಗುತ್ತಾಳೆ. ಅಷ್ಟರಲ್ಲಿ ಆಯಾ ಓಡಿಬಂದು ನನ್ನ ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆಯಿಂದ ಹಳೆಯ ವಾರ್ಡಿನ ಗೆಳತಿ ಅಳುತ್ತಿದ್ದಳು. ಸಿಸ್ಟರ್ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದರಂತೆ, ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೇ. ನನ್ನ ಕೈಯಲ್ಲಿ ಗ್ಲೌಸ್ ಇತ್ತು. ಕಣ್ಣೊರೆಸಿಕೊಳ್ಳುವ ಹಾಗೂ ಇರಲಿಲ್ಲ. ಡ್ರೆಸ್ಸಿಂಗ್ ಮುಗಿಸಿ, ಗ್ಲೌಸ್ ಬಿಚ್ಚಿ, ಮೊಳಕೈವರೆಗೆ ಕೈ ತೊಳೆದು, ಆಮೇಲೆ ಅತ್ತೆ.

ಅವರ ಹೆಸರು ಬೇಡ. ಎದುರಿಗೆ ನಾವೆಲ್ಲ ‘ಸಿಸ್ಟರ್’ ಅನ್ನುತ್ತಿದ್ದೆವು, ಬೆನ್ನ ಹಿಂದೆ ‘ಬೋಳುಗೈ ಸಿಸ್ಟರು’ ಅನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಕುಳ್ಳಗಿನ, ಕಪ್ಪನೆಯ ಹೆಂಗಸು. ನೆತ್ತಿಯ ಮೇಲೆ ಬಿಗಿಯಾಗಿ ಸುತ್ತಿದ ತುರುಬು. ಹಣೆಯಲ್ಲಿ ಕುಂಕುಮ, ಕಾಲಲ್ಲಿ ಕಾಲುಂಗುರ, ಕತ್ತಿನಲ್ಲಿ ತಾಳಿ. ತಾಳಿಯನ್ನು ಹೊರಗೆ ನೇತಾಡದ ಹಾಗೆ ಪಿನ್ನು ಹಾಕಿ ಒಳಗೆ ಸೇರಿಸಿರುತ್ತಿದ್ದರು. ಆದರೆ ಮೊಳಕೈಯಿಂದ ಕೆಳಗೆ ಏನೂ ಇಲ್ಲ. ಬಳೆ ಇಲ್ಲ, ಉಂಗುರ ಇಲ್ಲ, ವಾಚು ಇಲ್ಲ. ಮುದ್ದೆ ಕಟ್ಟಿ ಮುಗಿಸಿದ ಹೆಂಗಸು ಬೆರಳ ಸಂದಿಯ ಹಿಟ್ಟನ್ನೆಲ್ಲ ಬಿಡಿಸಿ ತೊಳೆಯುವ ಹಾಗೆ ಅವರು ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಕೈ ತೊಳೆಯುತ್ತಿದ್ದರು. ಬಳೆಯ ಹಿಂದೆ ಸೋಪು ಹೋಗುವುದಿಲ್ಲ, ಹೊಲಿಗೆ ಹಾಕಿದ ಗಾಯಕ್ಕೆ ನಂಜು ಬರುವುದೇ ಇಂಥ ಸಂದಿಗಳಿಂದ ಅನ್ನುವುದು ಎಲ್ಲ ನರ್ಸುಗಳೂ ಓದಿರುವುದೇ. ಓದಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆದು ಮರೆತಿದ್ದೆವು, ಅವರು ಮರೆತಿರಲಿಲ್ಲ.

ಬಳೆ ಇಲ್ಲದ್ದರಿಂದ ಅವರು ಬರುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಬೇರೆ. ನಾವು ಟ್ರಾಲಿ ಹತ್ತಿರ ಹರಟುತ್ತಾ ನಿಂತಿದ್ದರೆ ಬೆನ್ನ ಹಿಂದಿನಿಂದಲೇ "ಕೈ ತೊಳ್ದೇನಮ್ಮಿ?" ಅಂತ ಕೇಳಿಸುತ್ತಿತ್ತು. ತೊಳೆದಿದ್ದರೂ ಹೋಗಿ ಇನ್ನೊಂದು ಸಲ ತೊಳೆಯುತ್ತಿದ್ದೆವು.

ಬಳೆ ಬಿಟ್ಟದ್ದು ಹೇಗೆ ಅಂತ ಒಂದು ದಿನ ಊಟದ ಹೊತ್ತಿನಲ್ಲಿ ಅವರೇ ಹೇಳಿದ್ದರು. ಮದುವೆಯಾದ ಹೊಸದರಲ್ಲಿ ದಿನವೂ ಮನೆಯಲ್ಲಿ ಬಳೆ ಬಿಚ್ಚಿಟ್ಟು, ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತುತ್ತಿದ್ದರು. ಸಂಜೆ ಬಂದು ಮತ್ತೆ ತೊಡುತ್ತಿದ್ದರು. ಗಾಜಿನ ಬಳೆ, ತೆಗೆಯುವಾಗ ಒಂದೆರಡು ಒಡೆಯುತ್ತಿದ್ದವು. ಅದನ್ನು ಅತ್ತೆ ನೋಡಿದರು. ಮುತ್ತೈದೆ ದಿನಾ ಬೆಳಗಾಗೆದ್ದು ಬಳೆ ಬಿಚ್ಚುವುದು, ಒಡೆಯುವುದು ಯಾವ ಲಕ್ಷಣ ಅಂತ ರಂಪ ಮಾಡಿದರು.

"ನಂಗೂ ಬ್ಯಾಸ್ರ ಆಯ್ತು ಕಣಮ್ಮಿ. ದಿನಾ ಬಿಚ್ಚದು ಅಪಶಕುನ ಅಂದ್ರೆ ಒಂದೇ ಸಲ ಬಿಚ್ಬುಟ್ರೆ ಮುಗೀತಲ್ಲ ಅಂತ ಬಿಚ್ಬುಟ್ಟೆ," ಅಂದು ನಕ್ಕರು. ನಾವೂ ನಕ್ಕೆವು. ಅವರ ಅತ್ತೆ ಮಾತ್ರ ಸಾಯುವ ತನಕ ನಗಲಿಲ್ಲವಂತೆ.

ನಗುವ ವಿಷಯವಾಗಿರಲಿಲ್ಲ ಅದು. ನಾದಿನಿಯ ಸೀಮಂತಕ್ಕೆ ಹೋಗಿ ಬಂದ ಸೋಮವಾರ ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಬಸುರಿಗೆ ಬಳೆ ತೊಡಿಸುವ ಶಾಸ್ತ್ರ. ಮನೆಯ ಹಿರಿಸೊಸೆ ಇವರು, ಆರತಿ ತಟ್ಟೆ ಹಿಡಿಯಬೇಕಾದವರು. ತಟ್ಟೆಗೆ ಕೈ ಚಾಚಿದಾಗ ಯಾರೋ ದೊಡ್ಡಮ್ಮ "ನೀ ಬುಡವ್ವ, ಒಳಗೆ ಪಾಯ್ಸ ನೋಡೋಗು" ಅಂದಳಂತೆ. ಹೋಗಿ ಪಾಯಸ ನೋಡಿದರು. ಮದುವೆ, ನಾಮಕರಣ, ಯಾವುದಕ್ಕೆ ಹೋದರೂ ಅವರಿಗೆ ಅಡಿಗೆಮನೆಯೇ ಗಟ್ಟಿ. ಗಂಡ ಗುಂಡುಕಲ್ಲಿನ ಹಾಗೆ ಬದುಕಿದ್ದ ಹೆಂಗಸನ್ನು ಊರು ಹಾಗೆ ನಡೆಸಿಕೊಂಡಿತು.

"ಕೋಪ ಬರಲ್ವಾ ಸಿಸ್ಟರ್?" ಅಂದೆ.

"ಬತ್ತದೆ. ಏನ್ ಮಾಡದು? ಆ ಮೂಲೆ ಮಂಚದೋನ ಗಾಯ ನೋಡಿದ್ಯಾ? ಅಂಚು ಕೆಂಪಗಾಗದೆ, ಡಾಕ್ಟ್ರಿಗೆ ಹೇಳು," ಅಂದರು. ಅವರ ಕೋಪ, ದುಃಖ ಎಲ್ಲ ಹೀಗೇ ಯಾವುದಾದರೂ ಗಾಯದ ಕಡೆಗೆ ತಿರುಗಿ ಮುಗಿದುಹೋಗುತ್ತಿತ್ತು.

ಹಾಗಂತ ದೇವರು ದಿಂಡರು ಬೇಡ ಅನ್ನುವವರಲ್ಲ. ಶ್ರಾವಣ ಶನಿವಾರ ರಜೆ ಸಿಕ್ಕರೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದು ನಮಗೆಲ್ಲ ಪ್ರಸಾದ ಹಂಚುತ್ತಿದ್ದರು. ಆದರೆ ಅದೇ ಬೆಟ್ಟದ ದಾರವನ್ನು ಕೈಗೆ ಕಟ್ಟಿಕೊಂಡು ಎಳೆಯ ಡಾಕ್ಟರೊಬ್ಬರು ಡ್ರೆಸ್ಸಿಂಗಿಗೆ ಬಂದಾಗ ಕತ್ತರಿ ಹಿಡಿದು ಎದುರಿಗೆ ನಿಂತರು. "ನೀವೇ ಬಿಚ್ತೀರೋ, ನಾನ್ ಕತ್ತರಿಸ್ಲೋ ಡಾಕ್ಟ್ರೇ? ಸ್ವಾಮಿ ನಿಮ್ ಕೈಲಿಲ್ದಿದ್ರೂ ನೋಡ್ಕತ್ತಾನೆ." ಡಾಕ್ಟರು ನಗುತ್ತಾ ಬಿಚ್ಚಿ ಜೇಬಿಗೆ ಹಾಕಿಕೊಂಡರು. ನನಗೆ ಮದುವೆಯಾಗಿ, ಕೈತುಂಬ ಹಸಿರು ಬಳೆ ತೊಟ್ಟು ಡ್ಯೂಟಿಗೆ ಬಂದಾಗ ಮಾತ್ರ ಅವರು ಕತ್ತರಿ ತೆಗೆಯಲಿಲ್ಲ. ಬಳೆಯನ್ನು ಬಹಳ ಹೊತ್ತು ನೋಡಿದರು. "ಚೆಂದಾಗವೆ. ಇರ್ಲಿ. ಇವು ಇರೋಗಂಟ ಗಾಯ ಮುಟ್ಬೇಡ, ಇಂಜೆಕ್ಷನ್ ಔಷ್ದಿ ಕಡೆ ನೋಡ್ಕೊ," ಅಂದು ನನ್ನ ಪಾಲಿನ ಡ್ರೆಸ್ಸಿಂಗನ್ನೂ ತಾವೇ ಮಾಡಿದರು. ಅವರು ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುವುದನ್ನು ನೋಡಲಾರದೆ ನಾನೇ ಒಂದು ದಿನ ಬಳೆ ತೆಗೆದೆ. ನಮ್ಮತ್ತೆ ಏನಂದರು ಅನ್ನುವುದು ಬೇಡ.

ಅವರನ್ನು ನೆನೆದಾಗಲೆಲ್ಲ ನನಗೆ ಪುಣಜನೂರು ಕಡೆಯ ಒಬ್ಬ ಕೂಲಿಯವನು ನೆನಪಾಗುತ್ತಾನೆ. ಹರ್ನಿಯಾ ಆಪರೇಷನ್ನಿಗೆ ಬಂದಿದ್ದ. ಗಟ್ಟಿ ಆಳು, ಮಾತು ಕಮ್ಮಿ. ಅವನ ಮಾತನ್ನೂ ಸೇರಿಸಿ ಅವನ ಹೆಂಡತಿ ಆಡುತ್ತಿದ್ದಳು. ಅವನ ಸೊಂಟದಲ್ಲಿ ಕಪ್ಪು ಉಡಿದಾರ ಇತ್ತು. ನಮ್ಮ ಕಡೆ ಗಂಡಸಿನ ಸೊಂಟದಲ್ಲಿ ಅದು ಇದ್ದೇ ಇರುತ್ತದೆ, ಬೆವರು, ಎಣ್ಣೆ, ಮಣ್ಣು ಕುಡಿದು ಹಗ್ಗದ ಹಾಗೆ ಗಟ್ಟಿಯಾಗಿರುತ್ತದೆ. ಹರ್ನಿಯಾದ ಗಾಯ ಬರುವುದು ತೊಡೆಯ ಸಂದಿಯಲ್ಲಿ, ದಾರ ಜಾರಿ ಬಂದು ಕೂರುವುದೂ ಅಲ್ಲೇ. ಆಪರೇಷನ್ನಿಗೆ ಒಯ್ಯುವ ಮುಂಚೆ ಸಿಸ್ಟರ್ ಅದನ್ನು ಕತ್ತರಿಸಿ ತೆಗೆದರು. ಹೊಲಿಗೆ ಬಿಚ್ಚಿದ ಮೇಲೆ ಹೊಸದು ಕಟ್ಟಿಕೊಳ್ಳಿ ಅಂದರು. ಹೆಂಡತಿ ಕೆಳಗೆ ಬಿದ್ದ ದಾರವನ್ನು ಎತ್ತಿಕೊಂಡು ಮಡಿಲಿಗೆ ಕಟ್ಟಿಕೊಂಡಳು.

ಆಪರೇಷನ್ ಸರಿಯಾಗಿಯೇ ಆಯಿತು. ಊರಿನಿಂದ ಒಂದು ಟೆಂಪೋ ಜನ ಬ್ರೆಡ್ಡು, ಕಿತ್ತಳೆ ಹಿಡಿದು ನೋಡಲು ಬಂದರು. ಸಿಸ್ಟರ್ ಬಾಗಿಲಲ್ಲೇ ನಿಂತು ಇಬ್ಬಿಬ್ಬರನ್ನಾಗಿ ಒಳಗೆ ಬಿಟ್ಟರು. ಎಲ್ಲ ಚೆನ್ನಾಗಿದೆ ಅಂದುಕೊಂಡಿರುವಾಗ ಅವನಿಗೆ ಜ್ವರ ಬಂತು. ಡ್ರೆಸ್ಸಿಂಗ್ ಬಿಚ್ಚಿದರೆ ಗಾಯ ಕೆಂಡದ ಹಾಗೆ ಕೆಂಪಗಾಗಿತ್ತು, ಹೊಲಿಗೆಯ ನಡುವಿನಿಂದ ಕೀವು ಜಿನುಗುತ್ತಿತ್ತು. ಪ್ಲಾಸ್ಟರಿನ ಕೆಳಗೆ, ಗಾಯಕ್ಕೆ ಒತ್ತಿಕೊಂಡು, ಆ ಹಳೆಯ ಉಡಿದಾರ ಗಂಟು ಹಾಕಿಸಿಕೊಂಡು ಮಲಗಿತ್ತು.

ಸಿಸ್ಟರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ಯಾರ್ ಕಟ್ಟಿದ್ದು ಇದ್ನ? ಯಾರು?" ಅಂತ ಕೂಗಿದರು. ಹೆಂಡತಿ ಮಂಚದ ಕಂಬಿ ಹಿಡಿದು ನಿಂತಿದ್ದಳು.

"ನಾನೇ ಕಟ್ದಿ. ಪಲಾಸ್ಟ್ರು ಎತ್ತಿ ಒಳೀಕೆ ಸೇರ್ಸುದಿ."

"ನಿನ್ ಗಂಡನ್ನ ಸಾಯಿಸ್ಬೇಕು ಅಂತಿದ್ದೀಯಾ?"

ಆಗ ಅವಳೂ ತಿರುಗಿಬಿದ್ದಳು. "ಸಾಯ್ಬಾರ್ದು ಅಂತಲೇ ಕಟ್ಟಿದ್ದು ಕಣವ್ವ! ಉಡ್ದಾರ ಕೀಳದು ಎಣಕ್ಕೆ. ನಮ್ಮಾವ್ನ ಎಣ ಮಲಗ್ಸಿದ್ದಾಗ ಉಡ್ದಾರ ಕಿತ್ತಾಕುದ್ನ ನನ್ ಕಣ್ಣಾರ ಕಂಡಿವ್ನಿ. ನೀನು ಬದುಕಿರೋ ನನ್ ಗಂಡುಂದ ಕಿತ್ತಾಕ್ಬುಟ್ಟೆ. ಮಕ್ಳು ಮರಿ ಕಟ್ಕಂಡು ನಾ ಎಲ್ಲಿಗೋಗ್ಲಿ?" ಅಂದವಳೇ ನೆಲಕ್ಕೆ ಕೂತು ಗೋಳೋ ಅಂತ ಅತ್ತಳು.

ಬೇರೆ ಮಂಚಗಳ ಗಂಡಸರೂ ತಮ್ಮ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಸಿಸ್ಟರ್ ಇನ್ನೂ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಹೋಗಿ ಕೈ ತೊಳೆದು ಬಂದು, ಅವಳ ಎದುರಿಗೆ ನೆಲದ ಮೇಲೆ ಕೂತರು. ಎರಡೂ ಕೈಯನ್ನು ಅವಳ ಮುಖದ ಮುಂದೆ ಚಾಚಿದರು.

"ಇಲ್ ನೋಡವ್ವ. ಏನದೆ?"

ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು ನೋಡಿದಳು. "ಏನೂ ಇಲ್ಲ."

"ನನ್ ಗಂಡ ಅವನಾ, ಇಲ್ವಾ ಹೇಳು."

ಅವಳು ಕೈ ನೋಡಿದಳು, ಹಣೆಯ ಕುಂಕುಮ ನೋಡಿದಳು, ಕಾಲುಂಗುರ ನೋಡಿದಳು.

"ಅವ್ನೆ ಕಣವ್ವ. ಬಂಡೀಪುರದ ಕಾಡಲ್ಲಿ ವಾಚರ್ ಕೆಲ್ಸ. ಒಂದಿನ ಆನೆ ಅಟ್ಟಿಸ್ಕಂಡು ಬಂತು. ಹಳ್ಳಕ್ಕೆ ಬಿದ್ದು ಕಾಲು ಮುರ್ಕಂಡ. ಎತ್ಕಂಡು ಬಂದು ಜಗಲಿ ಮೇಲೆ ಮಲಗ್ಸಿದ್ರು. ನಮ್ಮತ್ತೆ ಅವನ ಕಾಲ್ನ ನೋಡ್ನಿಲ್ಲ, ನನ್ ಕೈಯ ನೋಡುದ್ರು. ನಿನ್ ಬೋಳುಗೈ ನನ್ ಮಗನ್ನ ತಿನ್ತಾ ಅದೆ ಅಂದ್ರು. ಊರೋರೆಲ್ಲ ಕೇಳ್ಸ್ಕಂಡ್ರು. ಅವತ್ತು ನಂಗೂ ಭಯ ಆಯ್ತು. ಬಳೆ ಹಾಕ್ಕಂಬುಡನ ಅಂತ ಪೆಟ್ಗೆ ತಗ್ದೆ. ಮಾರ್ನೆ ದಿನ ಇಲ್ಲಿ ಒಬ್ಳು ಬಾಣಂತಿ ಹೊಟ್ಟೆ ಗಾಯ ನಾನೇ ನೋಡ್ಬೇಕಿತ್ತು. ಎಳೆ ಕೂಸು ಬೇರೆ ಪಕ್ಕದಲ್ಲಿ. ಪೆಟ್ಗೆ ಮುಚ್ಚಿ ಬಸ್ ಹತ್ತಿ ಬಂದೆ. ಅವ್ಳೂ ಬದುಕುದ್ಲು. ನನ್ ಗಂಡನೂ ಅವ್ನೆ, ಕುಂಟ್ಕಂಡು ಓಡಾಡ್ಕಂಡು."

ನಮಗ್ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಸಿಸ್ಟರ್ ಎದ್ದು, ಮೊಣಕಾಲು ಹಿಡಿದುಕೊಂಡು, ಅವಳ ಕಡೆ ಬಗ್ಗಿ ಹೇಳಿದರು: "ದಾರ ಕಿತ್ತೋಳು ನಾನು. ಪಾಪ ಬಂದ್ರೆ ನಂಗ್ ಬರ್ಲಿ. ನೀನು ಮುಟ್ಬೇಡ, ನಾನು ವಾಸಿ ಮಾಡ್ತೀನಿ."

ವಾಸಿ ಮಾಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಸರ್ಜನ್ ಬಂದು ಹೊಲಿಗೆ ಬಿಚ್ಚಿ ಕೀವು ತೆಗೆದರು. ಆಮೇಲೆ ದಿನವೂ ಗಾಯ ತೊಳೆಯುವುದು, ತುಂಬುವುದು, ಮುಚ್ಚುವುದು. ಜ್ವರ ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಭಾನುವಾರ ರಜೆಯಿದ್ದರೂ ಸಿಸ್ಟರ್ ಬಸ್ಸು ಹತ್ತಿ ಬಂದು ಅವನೊಬ್ಬನ ಡ್ರೆಸ್ಸಿಂಗ್ ಮುಗಿಸಿ ಹೋಗುತ್ತಿದ್ದರು. ಅವರ ಕಣ್ಣ ಕೆಳಗೆ ಕಪ್ಪು ಬಂತು. "ನಂಗೂ ಸುಸ್ತಾಗದೆ ಕಣಮ್ಮಿ," ಅಂತ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಆಗ ಮಾತ್ರ. "ಇವ್ನಿಗೇನಾರ ಆದ್ರೆ ಆ ಹೆಂಗ್ಸು ಊರ್ತುಂಬ ಹೇಳ್ತಾಳೆ, ದಾರ ಕಿತ್ರು, ಸತ್ತೋದ ಅಂತ. ಆಮೇಲೆ ಆ ಕಡೆ ಜನ ಒಬ್ರೂ ದಾರ ಬಿಚ್ಚಾಕಿಲ್ಲ, ಆಪರೇಷನ್ನಿಗೂ ಬರಾಕಿಲ್ಲ."

ಕೊನೆಗೂ ಗಾಯ ಒಣಗಿತು. ಹೊರಡುವ ದಿನ ಹೆಂಡತಿ ಪೇಟೆಗೆ ಹೋಗಿ ಹೊಸ ಉಡಿದಾರ ತಂದಳು. ಸಿಸ್ಟರೇ ಕಟ್ಟಲಿ ಅಂತ ಹಟ ಮಾಡಿದಳು. "ನಿನ್ ಗಂಡಂಗೆ ನಾ ಯಾಕೆ ಕಟ್ಲವ್ವ, ನೀ ಕಟ್ಟು," ಅಂತ ವಾರ್ಡೆಲ್ಲ ನಗುವ ಹಾಗೆ ಗದರಿದರು. ಅವಳು ಕಟ್ಟಿದಳು. ಆಮೇಲೆ ಮಡಿಲಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಸಿಸ್ಟರ ಕೈಯಲ್ಲಿಟ್ಟಳು. ಹಸಿರು ಗಾಜಿನ ಬಳೆ.

"ನಿಮ್ಗೆ ತೊಡಾಕಾಗಲ್ಲ ಅಂತ ಗೊತ್ತು ಕಣವ್ವ. ಆದ್ರೂ ಮಡಿಕ್ಕಳಿ."

"ರಿಟೈರ್ ಆದ್ಮೇಲೆ ಹಾಕ್ಕತ್ತೀನಿ," ಅಂದರು ಸಿಸ್ಟರ್. ಆವತ್ತು ಮಧ್ಯಾಹ್ನ ಯಾರನ್ನೂ ಬೈಯಲಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಅವರ ಊರಿಗೆ ಹೋಗಿದ್ದೆ. ಬಂಡೀಪುರದ ರಸ್ತೆಯಲ್ಲಿ ಬಸ್ಸಿಳಿದು ಸ್ವಲ್ಪ ನಡೆಯಬೇಕು. ಗಂಡ ಜಗಲಿಯಲ್ಲಿ ಕುಂಟುಗಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸಿಸ್ಟರ್ ಕಾಫಿ ತಂದರು. ಲೋಟ ಹಿಡಿದ ಕೈ ನೋಡಿದೆ. ಬೋಳು.

"ಇನ್ನೂ ಯಾಕೆ ಸಿಸ್ಟರ್? ಈಗ ಹಾಕ್ಕೋಬಹುದಲ್ಲ."

"ಹಾಕ್ಕಂಡಿದ್ದೆ ಕಣಮ್ಮಿ, ಆ ಪುಣಜನೂರೋಳು ಕೊಟ್ಟಿದ್ದು. ಮಲ್ಗಿ ಮಗ್ಗುಲಾದೆ, ಝಲ್ ಅಂತು. ಯಾವಳೋ ಬಳೆ ಹಾಕ್ಕಂಡು ವಾರ್ಡಿಗೆ ಬಂದವ್ಳೆ ಅಂತ ಧಡಕ್ಕನೆ ಎದ್ದು ಕೂತ್ಕಂಡೆ. ಬೈಯಕ್ಕೆ ಬಾಯಿ ತಗ್ದೆ, ನೋಡುದ್ರೆ ನನ್ ಕೈಯೇ. ಬೆಳಿಗ್ಗೆ ಬಿಚ್ಚಿಟ್ಬುಟ್ಟೆ."

ಗಂಡ ಅವರೆಕಾಯಿ ಬಿಟ್ಟು ನಗಲು ಶುರು ಮಾಡಿದರು. "ನಂಗೂ ಕೈ ತೊಳ್ಕಬಾ ಅಂದ್ಲು ಕಣವ್ವ, ನಿದ್ದೆಗಣ್ಣಲ್ಲಿ," ಅಂದರು. ಮೂವರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಸುದ್ದಿ ಬಂದ ದಿನ ವಾರ್ಡನ್ನು ಇನ್ನೊಬ್ಬಳಿಗೆ ವಹಿಸಿ ಹೊರಟೆ. ಬಸ್ಸಿನಲ್ಲಿ ಕೂತಾಗ ಮೈಯೆಲ್ಲ ಭಾರವಾಗಿತ್ತು. ಸತ್ತವರ ದುಃಖ ಒಂದು ಕಡೆ, ನಾಳೆ ಬೆಳಿಗ್ಗೆ ಮತ್ತೆ ಅದೇ ಅಜ್ಜಿ, ಅದೇ ಉಗುರು, ಅದೇ ಮಾತು ಅನ್ನುವ ಆಯಾಸ ಒಂದು ಕಡೆ. ಇಷ್ಟು ವರ್ಷ ಅವರು ಇದನ್ನು ಹೇಗೆ ಎಳೆದರೋ ದೇವರೇ ಬಲ್ಲ.

ಮನೆಯ ಮುಂದೆ ಚಪ್ಪರ ಹಾಕಿದ್ದರು. ಒಳಗೆ ಹೆಂಗಸರು ಸುತ್ತ ಕೂತಿದ್ದರು. ಗಂಡನಿಗಿಂತ ಮೊದಲು ಹೋದವರು, ಹಾಗಾಗಿ ಅರಿಶಿನ, ಕುಂಕುಮ, ಹೊಸ ಸೀರೆ, ತಲೆತುಂಬ ಹೂವು. "ಮುತ್ತೈದೆ ಸಾವು ಕಣವ್ವ, ಪುಣ್ಯಗಿತ್ತಿ" ಅಂತ ಬಂದವರೆಲ್ಲ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು. ಸೀಮಂತದಲ್ಲಿ ಆರತಿ ತಟ್ಟೆ ಮುಟ್ಟಗೊಡದವರೂ ಅವರಲ್ಲಿ ಇದ್ದಿರಬೇಕು. ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ಪಾಯಸ ನೋಡಲು ಕಳಿಸಿ, ಈಗ ಕಾಲು ಹಿಡಿಯುತ್ತೀರಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಸಾವಿನ ಮನೆಯಲ್ಲಿ ಜಗಳ ತೆಗೆಯುವ ಶಕ್ತಿ ನನಗಿರಲಿಲ್ಲ.

ಅಷ್ಟರಲ್ಲಿ ನಾದಿನಿ ಆ ಕಾಗದದ ಪೊಟ್ಟಣ ತಂದಳು. ಹಸಿರು ಬಳೆ. ಬೆರಳ ಗೆಣ್ಣು ದಾಟಿ ಬಳೆ ಏರಲಿಲ್ಲ. ನೀರು ತರಿಸಿ, ಮೊಳಕೈವರೆಗೆ ಸೋಪು ಹಚ್ಚಿ, ಒಂದೊಂದಾಗಿ ಜಾರಿಸಿ ತೊಡಿಸತೊಡಗಿದಳು. ಸೋಪು ಕಂಡೇ ಸವೆದ ಕೈ ಅದು. ನಾನು ತಡೆಯಲಾರದೆ, "ಅವರು ಹಾಕ್ಕೋತಿರಲಿಲ್ಲ, ಬೇಡ," ಅಂದುಬಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು.

ಗೋಡೆಗೊರಗಿ ಕೂತಿದ್ದ ಗಂಡ ತಲೆಯೆತ್ತಿದರು. "ಆಕ್ಲಿ ಬುಡವ್ವ," ಅಂದರು. "ಇನ್ ಯಾರ್ ಗಾಯ ಮುಟ್ಬೇಕು ಅವ್ಳು."

ಎರಡೂ ಕೈಗೆ ತೊಡಿಸಿ ಮುಗಿಯಿತು. ಗಂಡಸರು ಒಳಗೆ ಬಂದು ಎತ್ತಿದಾಗ ಒಂದು ಕೈ ಪಕ್ಕಕ್ಕೆ ಜಾರಿತು, ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಅಷ್ಟು ವರ್ಷ ಜೊತೆಯಲ್ಲಿ ದುಡಿದರೂ ಅವರು ಬರುವ ಸದ್ದು ಒಂದು ದಿನವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಹೋಗುವ ಸದ್ದು ಕೇಳಿಸಿತು.